ಎರಡನೆಯ ಪ್ರಶ್ನೆ

ನಮ್ಮ ಕಡೆ ಅಪರಿಚಿತನೊಬ್ಬ ಎದುರಾದರೆ ಮೊದಲು ಕೇಳುವ ಪ್ರಶ್ನೆ ‘ಯಾವ ಊರು?’ ಅದಕ್ಕೆ ಉತ್ತರ ಸಿಕ್ಕು, ಎಲೆಯಡಿಕೆಯ ಚೀಲ ಬಿಚ್ಚುವಷ್ಟರಲ್ಲಿ ಎರಡನೆಯ ಪ್ರಶ್ನೆ ಬರುತ್ತದೆ: ‘ಯಾರ ಪೈಕಿ?’ ಮೊದಲನೆಯದು ಬರಿಯ ಕುತೂಹಲ. ಎರಡನೆಯದು, ಬಂದವನನ್ನು ಎಲ್ಲಿ ಕೂರಿಸಬೇಕು, ಯಾವ ಕಪ್ಪಿನಲ್ಲಿ ಚಹಾ ಕೊಡಬೇಕು ಎಂಬುದನ್ನು ತೀರ್ಮಾನಿಸುವುದಕ್ಕೆ. ಆಳಂದ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ನಮ್ಮನ್ನು ಯಾರೂ ಅದನ್ನು ಕೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ನಾವು ಸಮಗಾರರು. ಚಹಾದ ಅಂಗಡಿಯ ಹೊರಗೆ, ಚಪ್ಪರದ ಗೂಟಕ್ಕೆ ನಮ್ಮ ಕಪ್ಪುಗಳು ನೇತಾಡುತ್ತಿದ್ದವು. ಕುಡಿದಾದ ಮೇಲೆ ತೊಳೆದು ಮತ್ತೆ ಅಲ್ಲೇ ಸಿಕ್ಕಿಸಿ ಬರಬೇಕು. ಪರವೂರಿನ ಸಂತೆಗೋ ಜಾತ್ರೆಗೋ ಹೋದಾಗ ಮಾತ್ರ ಆ ಪ್ರಶ್ನೆ ಬಾಯಿಬಿಟ್ಟು ಬರುತ್ತಿತ್ತು. ಅಪ್ಪ ಮೊದಲ ಪ್ರಶ್ನೆಗೆ ಉತ್ತರ ಕೊಡುತ್ತಲೇ ಮೆಲ್ಲಗೆ ಎದ್ದು ನಿಲ್ಲುತ್ತಿದ್ದುದು ನನಗೆ ಈಗಲೂ ನೆನಪಿದೆ.

ನಾನು ಮುಂಬಯಿಯನ್ನು ಮೊದಲ ಬಾರಿ ಕಂಡದ್ದು 1996ರ ಮೇ ತಿಂಗಳಿನಲ್ಲಿ. ಪಿಯುಸಿ ಎರಡನೆಯ ವರ್ಷದ ಪರೀಕ್ಷೆ ಬರೆದು ಮನೆಯಲ್ಲಿ ಕುಳಿತಿದ್ದೆ. ಅಪ್ಪ ಹನ್ನೊಂದು ವರ್ಷಗಳಿಂದ ಅಲ್ಲಿ ಚರ್ಮದ ಕೆಲಸದಲ್ಲಿದ್ದ. ವರ್ಷಕ್ಕೊಮ್ಮೆ, ತಪ್ಪಿದರೆ ಎರಡು ಸಲ ಊರಿಗೆ ಬರುತ್ತಿದ್ದ. ತಿಂಗಳಿಗೊಮ್ಮೆ ಮನಿಯಾರ್ಡರು ಬರುತ್ತಿತ್ತು. ಅದರ ಕೆಳಗಿನ ತುಂಡಿನಲ್ಲಿ ‘ನಾ ಇಲ್ಲಿ ಆರಾಮ ಅದೀನಿ, ನೀವು ಅಲ್ಲಿ ಆರಾಮ ಅಂತ ತಿಳಿದೀನಿ’ ಎಂಬ ಒಂದೇ ವಾಕ್ಯವಿರುತ್ತಿತ್ತು. ಅದರಡಿಯಲ್ಲಿ ‘ಧಾರಾವಿ, 400017’. ನನ್ನ ಪಾಲಿಗೆ ಮುಂಬಯಿ ಎಂದರೆ ಆ ಆರು ಅಂಕಿಗಳು. ಆ ಬೇಸಗೆಯಲ್ಲಿ ಅವ್ವ ಒಂದು ನಿರ್ಧಾರಕ್ಕೆ ಬಂದಿದ್ದಳು. ಎರಡು ಎಕರೆ ಹೊಲ ಪಾಲಿಗೆ ಸಿಗುವ ಮಾತು ನಡೆದಿತ್ತು. ಮನೆಗೆ ಗಂಡಸು ಬೇಕಿತ್ತು. “ನೀ ಹೋಗು. ಇನ್ನ ಸಾಕಂತ ಹೇಳು. ಕೈ ಹಿಡದು ಕರಕೊಂಡು ಬಾ” ಎಂದಳು. ಹೀಗೆ ನಾನು ಹೊರಟದ್ದು ನಗರವನ್ನು ನೋಡುವುದಕ್ಕಲ್ಲ, ಒಬ್ಬ ಮನುಷ್ಯನನ್ನು ಅದರ ಕೈಯಿಂದ ಬಿಡಿಸಿಕೊಂಡು ಬರುವುದಕ್ಕೆ.

ಸೊಲ್ಲಾಪುರದ ತನಕ ಬಸ್ಸು. ಅಲ್ಲಿಂದ ರಾತ್ರಿ ಹೊರಡುವ ಸಿದ್ಧೇಶ್ವರ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿ. ಸೊನ್ನಲಿಗೆಯ ಸಿದ್ಧರಾಮನ ಹೆಸರು ಹೊತ್ತ ಗಾಡಿ ಅದು. ಬಾಗಿಲ ಬಳಿ ಟ್ರಂಕಿನ ಮೇಲೆ ಕುಳಿತು, ಲೋಣಾವಳಾ ದಾಟಿದ ಮೇಲೆ ಕತ್ತಲೆಯೊಳಗಿನ ಕತ್ತಲೆಯಾಗಿ ಬರುವ ಸುರಂಗಗಳನ್ನು ಎಣಿಸುತ್ತ ಹೋದೆ. ಬೆಳಗಿನ ಜಾವ ಯಾರೋ “ಕಲ್ಯಾಣ ಬಂತು” ಎಂದರು. ನಿದ್ದೆಗಣ್ಣಿನಲ್ಲಿ ಬೆಚ್ಚಿದೆ. ನನಗೆ ಗೊತ್ತಿದ್ದ ಕಲ್ಯಾಣ ಒಂದೇ: ಬಸವಣ್ಣನ ಕಲ್ಯಾಣ, ನಮ್ಮ ಹರಳಯ್ಯ ಬಾಳಿದ ಕಲ್ಯಾಣ. ಸಮಗಾರ ಹರಳಯ್ಯ ‘ಶರಣು’ ಎಂದಾಗ ಬಸವಣ್ಣ ‘ಶರಣು ಶರಣಾರ್ಥಿ’ ಎಂದನೆಂದೂ, ಆ ಒಂದು ಹೆಚ್ಚಿನ ಮಾತಿನ ಋಣ ತೀರಿಸಲು ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿಕೊಟ್ಟರೆಂದೂ ನಮ್ಮ ಓಣಿಯ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಕಲಿಸುತ್ತಿದ್ದರು. ಮುಂಬಯಿಯ ಬಾಗಿಲಲ್ಲಿ ಅದೇ ಹೆಸರಿನ ಒಂದು ನಿಲ್ದಾಣವಿರುವುದನ್ನು ಯಾರೂ ನನಗೆ ಹೇಳಿರಲಿಲ್ಲ.

ದಾದರಿನ ಪ್ಲಾಟ್‌ಫಾರ್ಮಿನಲ್ಲಿ ಅಪ್ಪ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಊರಿನಲ್ಲಿ ನಾನು ಅವನನ್ನು ಹಾಗೆ ಕಂಡಿರಲಿಲ್ಲ. “ಉಂಡೀ ಇಲ್ಲೋ?” ಎಂದು ಕೇಳಿ, ಉತ್ತರಕ್ಕೆ ಕಾಯದೆ, ಟ್ರಂಕನ್ನು ಹೆಗಲಿಗೇರಿಸಿ ಜನರ ನಡುವೆ ನಡೆದೇಬಿಟ್ಟ. ಸೇತುವೆ ಹತ್ತಿ ಇಳಿದು, ಪಶ್ಚಿಮದ ಹಳಿಯ ಲೋಕಲ್ ಹಿಡಿದು, ಮಾಹಿಮಿನಲ್ಲಿ ಇಳಿದೆವು. ಪೂರ್ವ ದಿಕ್ಕಿನ ಮೇಲ್ಸೇತುವೆಯಲ್ಲಿ ಅವನು ಒಂದು ಗಳಿಗೆ ನಿಂತ. ಕೆಳಗೆ, ಕಣ್ಣು ಹಾಯುವವರೆಗೆ ತಗಡಿನ ಮಾಡುಗಳು. ಮಾಡುಗಳ ಮೇಲೆ ನೀಲಿ ತಾಡಪತ್ರಿ. ಅವುಗಳ ಮೇಲೆ ಪ್ಲಾಸ್ಟಿಕ್ ತುಂಬಿದ ಮೂಟೆಗಳು, ಎಣ್ಣೆಯ ಖಾಲಿ ಡಬ್ಬಗಳು, ಒಣಗಲು ಹಾಕಿದ ಬಟ್ಟೆ. ಖಾಡಿಯ ಕಡೆಯಿಂದ ಬಂದ ಗಾಳಿಗೆ ನಾನು ಮೂಗು ಮುಚ್ಚಿಕೊಂಡೆ. ಅಪ್ಪ ನಕ್ಕ. “ಮೂರ ದಿನ ಅಷ್ಟ. ಆಮ್ಯಾಲ ಮೂಗಿಗೇ ತಿಳೀತದ” ಎಂದ.

ಅವನ ಕಾರ್ಖಾನೆ ಇದ್ದದ್ದು ನೈಂಟಿ ಫೀಟ್ ರೋಡಿನಿಂದ ಒಳಗೆ, ಇಬ್ಬರು ಎದುರುಬದುರಾದರೆ ಒಬ್ಬ ಗೋಡೆಗೆ ಅಂಟಿಕೊಳ್ಳಬೇಕಾದ ಓಣಿಯಲ್ಲಿ. ಕೆಳಗೆ ಹೊಲಿಗೆ ಯಂತ್ರಗಳು. ಕಬ್ಬಿಣದ ಏಣಿ ಹತ್ತಿ, ಮೇಲೆ ಇಳಿಬಿಟ್ಟ ಹಗ್ಗ ಹಿಡಿದು ದೇಹವನ್ನು ಎಳೆದುಕೊಂಡರೆ ಮಾಳಿಗೆ. ಅಲ್ಲಿ ಹಗಲು ಚರ್ಮ ಕತ್ತರಿಸುವುದು, ರಾತ್ರಿ ಅದೇ ನೆಲದ ಮೇಲೆ ಒಂಬತ್ತು ಜನ ಮಲಗುವುದು. ಗೋಡೆಯಲ್ಲಿ ಎರಡೇ ಪಟ: ಒಂದು ಬಾಬಾಸಾಹೇಬರದು, ಇನ್ನೊಂದು ಹರಳಯ್ಯ ಕಲ್ಯಾಣಮ್ಮನವರದು. ಅಪ್ಪ ಕುಕ್ಕರಗಾಲಿನಲ್ಲಿ ಕುಳಿತು, ತಗಡಿನ ಅಚ್ಚಿಟ್ಟು, ಪರ್ಸಿನ ಒಳಪದರಗಳನ್ನು ಕತ್ತರಿಸುತ್ತಿದ್ದ. ಊರಿನಿಂದ ತಂದ ತಾತನ ರಂಪಿಗೆ ಪಕ್ಕದಲ್ಲೇ ಇತ್ತು. ಅದನ್ನು ಬಳಸುತ್ತಿರಲಿಲ್ಲ, ಮಸೆದು ಮಾತ್ರ ಇಡುತ್ತಿದ್ದ. ನಮ್ಮ ಊರಿನಲ್ಲಿ ಚರ್ಮವೆಂದರೆ ಸತ್ತ ದನ, ಊರ ಹೊರಗಿನ ಬಯಲು, ಹಬ್ಬದ ದಿನ ಕರೆಸಿಕೊಂಡು ಕೊಟ್ಟ ಹಳಸಿದ ಅನ್ನ. ಇಲ್ಲಿ ಅದು ಮದ್ರಾಸಿನಿಂದ, ಕಾನಪುರದಿಂದ ಸುರುಳಿಯಾಗಿ ಸುತ್ತಿ ಬರುವ ಸರಕು. ತುಂಡಿಗಿಷ್ಟು ಎಂದು ಲೆಕ್ಕ, ಶನಿವಾರ ಸಂಜೆ ಬಟವಾಡೆ. ಅಪ್ಪ ನನ್ನನ್ನು ಕರೆಯಲು ಬಂದದ್ದರಿಂದ ಅರ್ಧ ದಿನದ ತುಂಡುಗಳು ತಪ್ಪಿದ್ದವು. ಆ ದಿನ ರಾತ್ರಿ ಹನ್ನೊಂದರವರೆಗೂ ಅವನು ಎದ್ದೇಳಲಿಲ್ಲ.

ನಾನು ಓಣಿ ಸುತ್ತಿದೆ. ಮೊದಲ ದಿನ ದಾರಿ ತಪ್ಪಿಸಿಕೊಂಡು, ಎರಡನೆಯ ದಿನ ಬೇಕೆಂದೇ ದಾರಿ ತಪ್ಪಿ. ಸುಮಾರು 600 ಎಕರೆಯ ಜಾಗದಲ್ಲಿ ಎಷ್ಟು ಊರುಗಳಿವೆ ಎಂಬುದು ನಡೆದವರಿಗೆ ಮಾತ್ರ ತಿಳಿಯುತ್ತದೆ. ಎಲ್ಲಕ್ಕಿಂತ ಹಳೆಯದು ಕೋಳಿವಾಡ; 1909ರ ಗ್ಯಾಸೆಟಿಯರು ಮುಂಬಯಿಯ ಆರು ದೊಡ್ಡ ಕೋಳಿವಾಡಗಳಲ್ಲಿ ಧಾರಾವಿಯೂ ಒಂದೆಂದು ಹೇಳುತ್ತದೆ. ಮೀನುಗಾರರ ಖಾಡಿ ಹೂಳು ತುಂಬಿ ಹಿಂದೆ ಸರಿದಂತೆ, ನಗರ ತನ್ನ ನಡುಮನೆಯಲ್ಲಿ ಬೇಡವಾದದ್ದನ್ನೆಲ್ಲ ತಂದು ಇಲ್ಲಿಟ್ಟಿತು. ಚರ್ಮ ಹದಮಾಡುವ ಮೊದಲ ಕಾರ್ಖಾನೆ 1887ರಲ್ಲಿ ಬಂತು. ಸೌರಾಷ್ಟ್ರದ ಕುಂಬಾರರನ್ನು ದಕ್ಷಿಣ ಮುಂಬಯಿಯಿಂದ ಎಬ್ಬಿಸಿ ಕಳಿಸಿದಾಗ ಅವರ ಆವಿಗೆಗಳು ಇಲ್ಲಿಗೆ ಬಂದವು. ತಿರುನೆಲ್ವೇಲಿಯವರು ಚರ್ಮಕ್ಕೆ ಬಂದರು. ಅವರ ಹಿಂದೆ ಇಡ್ಲಿ ಬಂತು. ಗುಲ್ಬರ್ಗಾ, ಬೀದರ್, ರಾಯಚೂರು ಸೀಮೆಯಿಂದ ಬರ ಬಿದ್ದಾಗಲೆಲ್ಲ ನಮ್ಮವರು ಬಂದರು.

ಕುಂಭಾರವಾಡದ ಆವಿಗೆಗಳು ಅರಳೆಯ ಚಿಂದಿ ಉರಿಸಿ ಕಾರುವ ಹೊಗೆಯಲ್ಲಿ ಕಣ್ಣುಜ್ಜಿಕೊಂಡು ನಡೆದೆ. ಹೆಣ್ಣುಮಕ್ಕಳು ಬಿದಿರಬುಟ್ಟಿಗಳನ್ನು ಕವುಚಿ ಹಾಕಿ, ಅವುಗಳ ಮೇಲೆ ಹಪ್ಪಳ ಒಣಗಿಸುತ್ತಿದ್ದರು. ಬೆಳಗಿನ ಐದಕ್ಕೆ ತಮಿಳರ ಓಣಿಯಲ್ಲಿ ಇಡ್ಲಿಯ ಹಬೆ ಬೀದಿದೀಪವನ್ನು ಮಸುಕುಗೊಳಿಸುತ್ತಿತ್ತು. ಏಳರೊಳಗೆ ಆ ಇಡ್ಲಿ ಅಲ್ಯೂಮಿನಿಯಮ್ ಪಾತ್ರೆಗಳಲ್ಲಿ ಸೈಕಲ್ಲೇರಿ ನಗರದ ಮೂಲೆಮೂಲೆಗೆ ಹೋಗಿಬಿಡುತ್ತಿತ್ತು. ಪಕ್ಕದ ಮಾಳಿಗೆಯಲ್ಲಿ ಬಿಹಾರದ ಹುಡುಗರು ಮಧ್ಯರಾತ್ರಿಯವರೆಗೆ ಸೀರೆಗೆ ಜರಿ ಕೂರಿಸುತ್ತಿದ್ದರು. ಇದನ್ನು ಚಂದವೆನ್ನಲು ನನಗೆ ಈಗ ನಾಚಿಕೆಯಾಗುತ್ತದೆ. ಬೆಳಗಾಗುವ ಮುನ್ನ ಡಬ್ಬಿ ಹಿಡಿದು ಸಾರ್ವಜನಿಕ ಶೌಚಾಲಯದ ಸಾಲಿನಲ್ಲಿ ನಿಂತವನಿಗೆ, ಎರಡು ಗಂಟೆ ಮಾತ್ರ ಬರುವ ನಳದ ಮುಂದಿನ ಜಗಳ ಕೇಳಿದವನಿಗೆ, ರಸಾಯನದ ವಾಸನೆಯಲ್ಲಿ ಕೆಮ್ಮುವ ಮುದುಕರನ್ನು ಕಂಡವನಿಗೆ, ಅದು ಚಂದವಲ್ಲವೆಂದು ತಿಳಿಯದೇ ಇರಲಿಲ್ಲ. ಆದರೂ ಮೂರನೆಯ ದಿನ, ಅಪ್ಪ ಹೇಳಿದಂತೆ, ಮೂಗು ಸುಮ್ಮನಾಯಿತು. ಅಷ್ಟು ಜನ ಅಷ್ಟು ಹತ್ತಿರವಿದ್ದೂ ಯಾರೂ ನನ್ನನ್ನು ದಿಟ್ಟಿಸಿ ನೋಡುತ್ತಿರಲಿಲ್ಲ. ಊರಿನಲ್ಲಿ ನಾನು ಅಗಸಿ ದಾಟಿದರೆ ಹತ್ತು ಕಣ್ಣುಗಳು ನನ್ನ ಚಪ್ಪಲಿಯತ್ತ ಹೋಗುತ್ತಿದ್ದವು. ಇಲ್ಲಿ ನನ್ನ ಮೈ ಹಗುರಾಗಿತ್ತು. ಕಾರಣ ಏನೆಂದು ಇನ್ನೂ ಹೊಳೆದಿರಲಿಲ್ಲ.

ಅವ್ವನ ಮಾತನ್ನು ನಾನು ಭಾನುವಾರಕ್ಕೆಂದು ಕಾಯ್ದಿರಿಸಿದ್ದೆ.

ಭಾನುವಾರ ಅಪ್ಪ ನನ್ನನ್ನು ದಾದರಿನ ಚೈತ್ಯಭೂಮಿಗೆ ಕರೆದುಕೊಂಡು ಹೋದ. 1956ರ ಡಿಸೆಂಬರಿನಲ್ಲಿ ಬಾಬಾಸಾಹೇಬರ ಅಂತ್ಯಸಂಸ್ಕಾರ ನಡೆದ ಜಾಗ. ಪ್ರತಿ ಡಿಸೆಂಬರ್ 6ರಂದು ಅಲ್ಲಿ ಲಕ್ಷಗಟ್ಟಲೆ ಜನ ಸೇರುತ್ತಾರೆ. ಮೇ ತಿಂಗಳ ಆ ಬೆಳಿಗ್ಗೆ ಹತ್ತಿಪ್ಪತ್ತು ಮಂದಿ ಇದ್ದರು. ಒಳಗೆ ಕೈಮುಗಿದು ಹೊರಬಂದರೆ, ಎದುರಿಗೆ ಸಮುದ್ರ. ನಾನು ಸಮುದ್ರವನ್ನು ನೋಡಿದ್ದು ಅದೇ ಮೊದಲು. ಅಷ್ಟು ನೀರಿಗೆ ಊರ ಬಾವಿಯಂತೆ ಕಟ್ಟೆ ಇಲ್ಲ, ಇಂಥವರು ಈ ಬದಿ ಅಂಥವರು ಆ ಬದಿ ಎನ್ನುವುದಿಲ್ಲ ಎಂದು ಮನಸ್ಸಿಗೆ ಬಂತು. ಬಾಯಿಬಿಟ್ಟು ಹೇಳಲಿಲ್ಲ. ಅಪ್ಪ ಪ್ಯಾಂಟು ಮಡಿಚಿ ಮೊಳಕಾಲಿನವರೆಗೆ ನೀರಿಗಿಳಿದು, ಚಿಕ್ಕ ಹುಡುಗನ ಹಾಗೆ ನನ್ನತ್ತ ತಿರುಗಿ ನಕ್ಕ. ಆಗಲೂ ನಾನು ಅವ್ವನ ಮಾತು ಹೇಳಲಿಲ್ಲ.

ಮಧ್ಯಾಹ್ನ ಮಾಟುಂಗಾದ ಒಂದು ಉಡುಪಿ ಹೋಟೆಲಿಗೆ ಹೋದೆವು. ಬಟವಾಡೆಯಾದ ಮೇಲೆ ತಿಂಗಳಿಗೊಂದು ಸಲ ಅಪ್ಪ ಅಲ್ಲಿ ಉಣ್ಣುತ್ತಿದ್ದನಂತೆ. ನಾನು ಅಭ್ಯಾಸಬಲದಿಂದ ಬಾಗಿಲ ಹೊರಗೇ ನಿಂತೆ. “ಏ, ಬಾ ಒಳಗ” ಎಂದು ಕರೆದ. ಗೋಡೆಯ ಬದಿಗಲ್ಲ, ನಡುವಿನ ಮೇಜಿಗೆ ಹೋಗಿ, ಕುರ್ಚಿ ಎಳೆದು ಕುಳಿತ. ಹಣೆಗೆ ಗಂಧವಿಟ್ಟ ಒಬ್ಬರು ಅದೇ ಮೇಜಿನ ಆಚೆ ಬದಿಯಲ್ಲಿ ಊಟ ಮಾಡುತ್ತಿದ್ದರು. ಅವರು ಚೂರು ಸರಿದು ಜಾಗ ಮಾಡಿಕೊಟ್ಟರು, ತಲೆಯೆತ್ತಿ ನೋಡಲಿಲ್ಲ. ಸ್ಟೀಲಿನ ತಾಟುಗಳು ಬಂದವು. ಬಡಿಸುವವನು ನನಗಿಂತ ಒಂದೆರಡು ವರ್ಷ ದೊಡ್ಡವನಿರಬೇಕು. ಅಪ್ಪ ನನ್ನೊಡನೆ ಆಡಿದ ಮಾತು ಅವನ ಕಿವಿಗೆ ಬಿತ್ತು.

“ಕನ್ನಡದವರಾ? ನಿಮ್ಮದು ಯಾವ ಊರು?”

ನನ್ನ ತುತ್ತು ಗಂಟಲಿನಲ್ಲಿ ನಿಂತಿತು. ಅಪ್ಪ ನಿರಾಳವಾಗಿ ಹೇಳಿದ: “ಗುಲ್ಬರ್ಗಾ ಕಡಿಯವರು.”

“ನಮ್ಮದು ಕುಂದಾಪುರ. ಸಾರು ಹಾಕಲಾ?”

ಅಷ್ಟೇ. ಸಾರು ಹಾಕಿ ಮುಂದಿನ ಮೇಜಿಗೆ ಹೋದ. ನಾನು ಎರಡನೆಯ ಪ್ರಶ್ನೆಗಾಗಿ ಕಾದೆ. ಅನ್ನಕ್ಕೆ ಬಂದಾಗ ಕೇಳಬಹುದು, ಮಜ್ಜಿಗೆಗೆ ಬಂದಾಗ ಕೇಳಬಹುದು ಎಂದು ಕಾದೆ. ಅವನು ಕೇಳಲಿಲ್ಲ. ಅವನಿಗೆ ಪುರುಸೊತ್ತಿರಲಿಲ್ಲ, ಹೊರಗೆ ಜನ ಸಾಲಿನಲ್ಲಿ ನಿಂತಿದ್ದರು. ಆ ಪುರುಸೊತ್ತಿಲ್ಲದಿರುವಿಕೆಯನ್ನೇ ನಾನು ಪ್ರೀತಿಸಿದೆ. ಮುಂಬಯಿ ನನ್ನನ್ನು ಸೆಳೆದದ್ದು ಸಮುದ್ರದಿಂದಲ್ಲ, ದೀಪಗಳಿಂದಲ್ಲ, ಆ ಹುಡುಗ ಬೆನ್ನು ತಿರುಗಿಸಿ ಹೋದ ರೀತಿಯಿಂದ. ನಾವು ಎದ್ದಾಗ ಇನ್ನೊಬ್ಬ ಬಂದು ನಮ್ಮ ತಾಟುಗಳನ್ನೂ, ಎದುರಿಗಿದ್ದ ಗಂಧದವರ ತಾಟನ್ನೂ ಒಂದರ ಮೇಲೊಂದಿಟ್ಟು ಎತ್ತಿಕೊಂಡು ಹೋದ. ಕೈತೊಳೆಯುವ ನಳದ ಬಳಿ ನಿಂತು ನಾನು ಆ ತಾಟುಗಳು ಒಳಗೆ ಹೋಗುವುದನ್ನೇ ನೋಡುತ್ತಿದ್ದೆ.

ಹೊರಗೆ ಬಂದು ಪಾನಿನ ಅಂಗಡಿಯ ನೆರಳಿನಲ್ಲಿ ನಿಂತಾಗ ಅಪ್ಪನೇ ಕೇಳಿದ: “ನಿಮ್ಮವ್ವ ಕರಕೊಂಡು ಬಾ ಅಂತ ಕಳಿಸ್ಯಾಳ, ಹೌದಿಲ್ಲೋ?” ಹೌದೆಂದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, “ಹೊಲ ಸಿಗ್ತದ, ಖರೆ. ಆದರ ಹೊಲಕ್ಕ ಹೋಗೂ ದಾರ್ಯಾಗ ಚಹಾದಂಗಡಿ ಬರ್ತದಲ್ಲೋ ತಮ್ಮಾ” ಎಂದ. ನಾನು ಮತ್ತೆ ಆ ಮಾತು ಎತ್ತಲಿಲ್ಲ.

ಮೊದಲ ನೋಟದ ಪ್ರೀತಿಯಲ್ಲಿ ಒಂದು ಮೋಸವಿರುತ್ತದೆ. ಬಂದವನಿಗೆ ಹಿಂದಿರುಗುವ ಟಿಕೆಟ್ಟು ಇರುತ್ತದೆ. ಪದವಿ ಮುಗಿಸಿ 2001ರಲ್ಲಿ ನಾನೇ ಕೆಲಸಕ್ಕೆಂದು ಮುಂಬಯಿಗೆ ಬಂದಾಗ ಅದು ತಿಳಿಯಿತು. ಉಪನಗರವೊಂದರಲ್ಲಿ ಬಾಡಿಗೆಮನೆ ಹುಡುಕುತ್ತಿದ್ದೆ. ಮನೆಯ ಯಜಮಾನರು ಚಹಾ ಕೊಟ್ಟರು, ಊರು ಕೇಳಿದರು, ನೌಕರಿ ಕೇಳಿದರು, ಕೊನೆಯಲ್ಲಿ ಬಹಳ ಮೆದುವಾಗಿ, “ಪೂರಾ ನಾಮ್ ಕ್ಯಾ ಹೈ?” ಎಂದರು. ನಮ್ಮೂರಿನ ಎರಡನೆಯ ಪ್ರಶ್ನೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎದುರಿಗೆ ಕುಳಿತಿತ್ತು. ಪೂರ್ತಿ ಹೆಸರು ಹೇಳಿದೆ. ಮರುದಿನ ಫೋನು ಮಾಡಿದಾಗ ಮನೆ ಬೇರೆಯವರಿಗೆ ಹೋಗಿತ್ತು. ಧಾರಾವಿಯ ಬಗೆಗೂ ಆಮೇಲೆ ಅರ್ಥವಾಯಿತು: ಅಲ್ಲಿ ಕೇಳುವ ಅಗತ್ಯವೇ ಬೀಳುತ್ತಿರಲಿಲ್ಲ, ಏಕೆಂದರೆ ಕುಂಬಾರರದೊಂದು ವಾಡ, ಕೋಳಿಗಳದೊಂದು ವಾಡ, ನಮ್ಮವರದೊಂದು ಓಣಿ, ಯಾವ ಓಣಿಯಿಂದ ಹೊರಬಂದೆ ಎಂಬುದೇ ಉತ್ತರವಾಗಿತ್ತು. ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೂ ದೂರದೂರದಿಂದ ಜನ ಹೀಗೆಯೇ ಆಸೆಪಟ್ಟು ಬಂದಿದ್ದರು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾದಾಗ ಆ ನಗರವೂ ಎರಡನೆಯ ಪ್ರಶ್ನೆಯನ್ನು ಕೇಳಿಯೇ ಕೇಳಿತು. ಉತ್ತರವನ್ನು ರಕ್ತದಲ್ಲಿ ಬರೆಸಿಕೊಂಡಿತು.

ಆ ವರ್ಷಗಳಲ್ಲಿ ಗ್ರಂಥಾಲಯದಿಂದ ತಂದು ಮುಂಬಯಿಯ ಕನ್ನಡ ಕತೆ ಕಾದಂಬರಿಗಳನ್ನು ಓದಿದೆ. 1979ರಲ್ಲಿ ಬಂದ ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು ಲೋಕಲ್ಲಿನಲ್ಲಿ ನಿಂತೇ ಓದಿ ಮುಗಿಸಿದೆ. ಚಿತ್ತಾಲರ ಮನೆಯಿದ್ದದ್ದು ಬಾಂದ್ರಾದ ಕಡಲ ದಂಡೆಯಲ್ಲಿ. ಮಾಹಿಮಿನ ಖಾಡಿಯ ಆಚೆಗೆ ಅದು, ಈಚೆಗೆ ಅಪ್ಪನ ಮಾಳಿಗೆ. ಆ ಕಾದಂಬರಿಯ ನಾಗಪ್ಪನ ಹಿಂದೆ ಬಿದ್ದವರು ಅವನ ಹುಟ್ಟನ್ನು, ಹಿನ್ನೆಲೆಯನ್ನು ಕೆದಕುವಾಗ ನನ್ನ ಬೆನ್ನು ತಣ್ಣಗಾಯಿತು. ದೊಡ್ಡ ಕಂಪನಿಯ ಎತ್ತರದ ಮಹಡಿಯಲ್ಲೂ ಆ ಪ್ರಶ್ನೆ ಇತ್ತು. ಇಷ್ಟಾದರೂ ನಾನು ಮುಂಬಯಿಯ ಮೇಲಿನ ಪ್ರೀತಿಯನ್ನು ಹಿಂದಕ್ಕೆ ಪಡೆಯಲಿಲ್ಲ. ಊರಿನಲ್ಲಿ ಆ ಪ್ರಶ್ನೆ ಸೂರ್ಯೋದಯದಷ್ಟು ಖಚಿತ. ಇಲ್ಲಿ ಅದು ಕೆಲವು ಬಾಗಿಲುಗಳಲ್ಲಿ ಕಾದು ಕುಳಿತಿರುತ್ತದೆ, ಕೆಲವು ಬಾಗಿಲುಗಳಲ್ಲಿ ಇರುವುದಿಲ್ಲ. ಇಲ್ಲದ ಬಾಗಿಲುಗಳನ್ನು ಹುಡುಕಿಕೊಂಡು ಒಂದು ಆಯುಷ್ಯ ಕಳೆಯಬಹುದು. ಅಪ್ಪ ಕಳೆದದ್ದು ಹಾಗೆ.

ಅವನು 2009ರಲ್ಲಿ, ಮೊಳಕಾಲು ಮಡಿಸಲಾಗದ ಸ್ಥಿತಿಯಲ್ಲಿ ಊರಿಗೆ ಬಂದ. ಈಗ ಇಲ್ಲ. ಧಾರಾವಿಯ ಪುನರ್ವಿಕಾಸಕ್ಕಾಗಿ 2024ರಲ್ಲಿ ಮನೆಮನೆಯ ಸಮೀಕ್ಷೆ ಶುರುವಾದ ಮೇಲೆ ನಾನು ಒಮ್ಮೆ ಆ ಓಣಿಗೆ ಹೋಗಿದ್ದೆ. ಗೋಡೆಗಳ ಮೇಲೆ ಸಂಖ್ಯೆ ಬರೆದಿದ್ದರು. ಈಗಿನ ನಿಯಮದ ಪ್ರಕಾರ 2000ದ ಜನವರಿ 1ಕ್ಕಿಂತ ಮೊದಲಿನಿಂದ ನೆಲಮಟ್ಟದಲ್ಲಿ ಮನೆಯಿದ್ದವರಿಗೆ ಧಾರಾವಿಯಲ್ಲೇ 350 ಚದರಡಿಯ ಮನೆ ಉಚಿತ. ಮೇಲಿನ ಮಾಳಿಗೆಯಲ್ಲಿದ್ದವರ ಲೆಕ್ಕ ಬೇರೆ, ಅವರ ಪಾಲಿನ ಮನೆಗಳು ಧಾರಾವಿಯ ಹೊರಗೆ. ಹೀಗೆ ಧಾರಾವಿಗೂ ಒಂದು ಎರಡನೆಯ ಪ್ರಶ್ನೆ ಬಂದಿದೆ. ಯಾರ ಪೈಕಿ ಎಂದಲ್ಲ, ಯಾವ ವರ್ಷ, ಯಾವ ಮಹಡಿ ಎಂದು. ಇಪ್ಪತ್ತನಾಲ್ಕು ವರ್ಷ ಏಣಿ ಹತ್ತಿ ಇಳಿದ ಅಪ್ಪನ ಬಳಿ ಮೊದಲನೆಯದಕ್ಕೆ ಒಳ್ಳೆಯ ಉತ್ತರವಿತ್ತು, ಎರಡನೆಯದಕ್ಕೆ ಇರಲಿಲ್ಲ. ಕೆಳಗಿನ ಯಂತ್ರಗಳು ಇನ್ನೂ ಓಡುತ್ತಿದ್ದವು. ಮಾಳಿಗೆಗೆ ಹತ್ತಲು ಹಗ್ಗ ಹಿಡಿದೆ. ಬೇರೆ ಯಾರೋ ಮಲಗಿದ್ದರು, ಇಳಿದು ಬಂದೆ.

1996ರ ಆ ಮೇ ತಿಂಗಳಲ್ಲಿ ನಾನು ಒಬ್ಬನೇ ಊರಿಗೆ ಮರಳಿದ್ದನ್ನು ಹೇಳುವುದು ಉಳಿದಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ನನ್ನ ಹಿಂದೆ ಯಾರೂ ಇಲ್ಲದ್ದನ್ನು ನೋಡಿ ಏನೂ ಕೇಳಲಿಲ್ಲ. ಕೈ ತಟ್ಟುವ ಸದ್ದು ಮಾತ್ರ ಜೋರಾಯಿತು. ದಾರಿಯುದ್ದಕ್ಕೂ ನಾನು ಹೊಂದಿಸಿಕೊಂಡಿದ್ದ ಮಾತುಗಳೆಲ್ಲ ಒಲೆಯ ಮುಂದೆ ಮರೆತುಹೋದವು. ಸಂಬಳದ ಮಾತು, ಅವನ ಕೆಮ್ಮಿನ ಮಾತು, ಸಮುದ್ರದ ಮಾತು, ಯಾವುದೂ ಹೊರಬರಲಿಲ್ಲ. ಕೊನೆಗೆ, “ಅಪ್ಪ ಹೋಟೆಲಿಗೆ ಕರಕೊಂಡು ಹೋಗಿದ್ದ. ಕುರ್ಚಿ ಮ್ಯಾಲ ಕುಂತು ಉಂಡಿವಿ” ಎಂದೆ.

ಅವ್ವ ತಿರುಗಿ ನೋಡಲಿಲ್ಲ. ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ಕೇಳಿದಳು:

“ತಾಟು ಯಾರು ತೊಳದರು?”

“ಅವರೇ ತಗೊಂಡು ಹೋದರು. ಎಲ್ಲಾರ ತಾಟೂ ಕೂಡೇ.”

ಅವಳು ರೊಟ್ಟಿ ಮಗುಚಿದಳು. ಅದು ಉಬ್ಬಿ, ಹಬೆ ಬಿಟ್ಟು ಇಳಿಯುವವರೆಗೂ ಸುಮ್ಮನಿದ್ದಳು.

“ಹಂಗಾದರ ಇರಲಿ ಬಿಡು” ಎಂದಳು.